ಮೆಫೊ ಹುಂಡಿ: ಹಿಟ್ಲರನ ಸೇನೆಗೆ ದುಡ್ಡು ಬಂದದ್ದು ಎಲ್ಲಿಂದ, ಯುದ್ಧಕ್ಕೆ ಅವಸರವಾದದ್ದು ಏಕೆ

ಹಿಟ್ಲರನ ಭಾಷಣಗಳ ಬಗ್ಗೆ ಓದಲು ಬೇಕಾದಷ್ಟಿದೆ. ಅವನ ಲೆಕ್ಕಪತ್ರದ ಬಗ್ಗೆ ಬರೆದವರು ಕಡಿಮೆ. 1933ರ ಜನವರಿಯಲ್ಲಿ ಜರ್ಮನಿಯ ಸೇನೆಗೆ ವರ್ಸೇಲ್ಸ್ ಒಪ್ಪಂದದ ಪ್ರಕಾರ ಒಂದು ಲಕ್ಷ ಸೈನಿಕರ ಮಿತಿ ಇತ್ತು. ಟ್ಯಾಂಕ್ ಇಟ್ಟುಕೊಳ್ಳುವಂತಿಲ್ಲ, ವಾಯುಪಡೆ ಇರುವಂತಿಲ್ಲ. ಸುಮಾರು 60 ಲಕ್ಷ ಜನ ನಿರುದ್ಯೋಗಿಗಳು, ಬೊಕ್ಕಸ ಬರಿದು. ಅಂಥ ದೇಶ ಆರೂವರೆ ವರ್ಷದಲ್ಲಿ ಪೋಲೆಂಡ್ ಮೇಲೆ ಏರಿ ಹೋಗುವಷ್ಟು ಸೈನ್ಯ ಕಟ್ಟಿತು. ಅದಕ್ಕೆ ಹಣ ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ಕಾನೂನಿನಡಿ ಕೊಟ್ಟರು ಎಂದು ನೋಡುತ್ತಾ ಹೋದರೆ ಸರ್ವಾಧಿಕಾರ ಬಂದ ದಾರಿಯೂ ಯುದ್ಧ ಬಂದ ದಾರಿಯೂ ಬಹುಪಾಲು ಒಂದೇ ಕಡತದಲ್ಲಿ ಸಿಗುತ್ತವೆ. ಆ ಕಡತದ ನಡುವೆ ಇರುವುದು ಮೆಫೊ ಹುಂಡಿ: ಸೇನೆಯ ಸಾಲವನ್ನು ಬಜೆಟ್‌ನಲ್ಲಿ ಕಾಣದಂತೆ ಮರೆಸಿದ ಕಾಗದ. (ಹುಂಡಿ ಅಂದರೆ ಇಲ್ಲಿ ಗಡುವಿಗೆ ಹಣ ಕೊಡುವ ಭರವಸೆಯ ವ್ಯಾಪಾರಿ ಪತ್ರ.)

ಕಥೆ ಶುರುವಾಗುವುದು ಹಿಟ್ಲರನಿಂದಲ್ಲ, ಒಂದು ಬಜೆಟ್ ಜಗಳದಿಂದ. 1930ರ ಮಾರ್ಚ್‌ನಲ್ಲಿ ಚಾನ್ಸಲರ್ ಆದ ಹೈನ್‌ರಿಖ್ ಬ್ರೂನಿಂಗ್ ಆರ್ಥಿಕ ಕುಸಿತದ ನಡುವೆ ತೆರಿಗೆ ಏರಿಸಿ ಖರ್ಚು ಕಡಿತ ಮಾಡುವ ಹಣಕಾಸು ಮಸೂದೆ ತಂದರು. ಜುಲೈನಲ್ಲಿ ಸಂಸತ್ತು, ಅಂದರೆ ರೈಖ್‌ಸ್ಟಾಗ್, ಅದನ್ನು ತಿರಸ್ಕರಿಸಿತು. ಬ್ರೂನಿಂಗ್ ಅದನ್ನೇ ಅಧ್ಯಕ್ಷ ಹಿಂಡೆನ್‌ಬರ್ಗ್ ಸಹಿಯೊಂದಿಗೆ ಜರ್ಮನಿಯ ಆಗಿನ ವೈಮರ್ ಸಂವಿಧಾನದ 48ನೇ ವಿಧಿಯಡಿ ತುರ್ತು ಆಜ್ಞೆಯಾಗಿ ಹೊರಡಿಸಿದರು. ಅಂಥ ಆಜ್ಞೆಯನ್ನು ರದ್ದು ಮಾಡುವ ಹಕ್ಕು ಅದೇ ವಿಧಿಯಲ್ಲಿ ಸಂಸತ್ತಿಗಿತ್ತು. ಜುಲೈ 18ರಂದು ಸಂಸತ್ತು ರದ್ದು ಮಾಡಿತು. ಅದೇ ದಿನ ಅಧ್ಯಕ್ಷರು 25ನೇ ವಿಧಿ ಬಳಸಿ ಸಂಸತ್ತನ್ನೇ ವಿಸರ್ಜಿಸಿದರು, ಆಮೇಲೆ ಆಜ್ಞೆಯನ್ನು ಮತ್ತೆ ಹೊರಡಿಸಿದರು.

ಎಲ್ಲರೂ 48ನೇ ವಿಧಿಯನ್ನೇ ಬೈಯುತ್ತಾರೆ. ಆದರೆ ಅದೊಂದೇ ಇದ್ದಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಆಜ್ಞೆ ಹೊರಡಿಸುವ 48, ಆಕ್ಷೇಪಿಸುವವರನ್ನು ಮನೆಗೆ ಕಳಿಸುವ 25, ಚಾನ್ಸಲರನ್ನು ಅಧ್ಯಕ್ಷರೇ ನೇಮಿಸುವ 53: ಈ ಮೂರೂ ಒಬ್ಬ ವ್ಯಕ್ತಿಯ ಕೈಯಲ್ಲಿ ಸೇರಿದ್ದು ದೋಷ. (ನಮ್ಮ ಸಂವಿಧಾನ ಸಭೆಯಲ್ಲಿ 1949ರ ಆಗಸ್ಟ್‌ನಲ್ಲಿ ತುರ್ತುಸ್ಥಿತಿ ವಿಧಿಗಳ ಚರ್ಚೆ ನಡೆದಾಗ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಇದೇ ವೈಮರ್ ಸಂವಿಧಾನದ ಉದಾಹರಣೆ ಎತ್ತಿ ಕಟುವಾಗಿ ವಿರೋಧಿಸಿದ್ದರು. ಅವರ ಮಾತನ್ನು ಸಭೆ ಒಪ್ಪಲಿಲ್ಲ.)

ಆ ವಿಸರ್ಜನೆಯ ಬೆಲೆ 1930ರ ಸೆಪ್ಟೆಂಬರ್ 14ರ ಚುನಾವಣೆಯಲ್ಲಿ ಗೊತ್ತಾಯಿತು. 1928ರಲ್ಲಿ 12 ಸ್ಥಾನ ಇದ್ದ ನಾಜಿ ಪಕ್ಷ 107ಕ್ಕೆ ಜಿಗಿಯಿತು. ಅಲ್ಲಿಂದ ಮುಂದೆ ಸಂಸತ್ತು ಇದ್ದೂ ಇಲ್ಲದಂತಾಯಿತು. 1931ರಲ್ಲಿ 44 ತುರ್ತು ಆಜ್ಞೆಗಳು, 34 ಕಾನೂನುಗಳು. 1932ರಲ್ಲಿ ಸಂಸತ್ತು ಮಾಡಿದ ಕಾನೂನು ಐದೇ ಐದು. ಆಜ್ಞೆಗಳು ಐವತ್ತು ದಾಟಿದ್ದವು. ಹಿಟ್ಲರ್ ಬರುವ ಹೊತ್ತಿಗೆ ಅಧಿಕಾರಿಗಳಿಗೂ ನ್ಯಾಯಾಲಯಗಳಿಗೂ ಸಂಸತ್ತಿಲ್ಲದ ಆಡಳಿತ ಚೆನ್ನಾಗಿ ರೂಢಿಯಾಗಿತ್ತು.

ಇನ್ನೊಂದು ಘಟನೆಯನ್ನು ಹೆಚ್ಚಿನವರು ಅಡಿಟಿಪ್ಪಣಿಗೆ ತಳ್ಳುತ್ತಾರೆ. 1932ರ ಜುಲೈ 20ರಂದು ಚಾನ್ಸಲರ್ ಪಾಪೆನ್ 48ನೇ ವಿಧಿಯಡಿಯೇ ಪ್ರಷ್ಯಾ ರಾಜ್ಯ ಸರ್ಕಾರವನ್ನು ಕಿತ್ತುಹಾಕಿದರು. ಜರ್ಮನಿಯ ಜನಸಂಖ್ಯೆಯ ಐದರಲ್ಲಿ ಮೂರು ಪಾಲು ಇದ್ದದ್ದು ಆ ರಾಜ್ಯದಲ್ಲಿ. ಅಲ್ಲಿನ ಪೊಲೀಸ್ ಪಡೆ ಸೋಷಿಯಲ್ ಡೆಮಾಕ್ರಾಟರ ನೇತೃತ್ವದ ಸರ್ಕಾರದ ಕೈಯಲ್ಲಿತ್ತು. ಆರು ತಿಂಗಳ ನಂತರ, 1933ರ ಜನವರಿ 30ರಂದು, ಹಿಟ್ಲರನ ಸಂಪುಟದಲ್ಲಿ ಅವನನ್ನು ಬಿಟ್ಟರೆ ನಾಜಿಗಳು ಇಬ್ಬರೇ: ಗೃಹ ಖಾತೆಗೆ ಫ್ರಿಕ್, ಖಾತೆಯಿಲ್ಲದ ಸಚಿವ ಗೋರಿಂಗ್. ಇವರನ್ನು ಮೂಲೆಗೆ ಕೂರಿಸುತ್ತೇವೆ ಅಂದುಕೊಂಡಿದ್ದ, ಈಗ ಉಪಚಾನ್ಸಲರ್ ಆಗಿದ್ದ ಪಾಪೆನ್, ಗೋರಿಂಗ್‌ಗೆ ಪ್ರಷ್ಯಾದ ಗೃಹ ಇಲಾಖೆಯನ್ನೂ ಕೊಟ್ಟಿದ್ದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಲ್ಲಿಗೆ ದೇಶದ ಅತಿದೊಡ್ಡ ಪೊಲೀಸ್ ಪಡೆ ಗೋರಿಂಗ್ ಕೈಗೆ ಬಂತು. ಫೆಬ್ರುವರಿಯಲ್ಲಿ ಸುಮಾರು 50,000 ಮಂದಿಯನ್ನು, ಬಹುಪಾಲು ಪಕ್ಷದ ದಂಡಿನವರನ್ನೇ, ಸಹಾಯಕ ಪೊಲೀಸರೆಂದು ತೋಳಿಗೆ ಪಟ್ಟಿ ಕಟ್ಟಿ ಬೀದಿಗೆ ಬಿಟ್ಟದ್ದು ಈ ಅಧಿಕಾರದಿಂದಲೇ.

ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನದ ಆಜ್ಞೆ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಪತ್ರದ ಗೋಪ್ಯತೆ, ಮನೆಯ ಹಾಗೂ ಆಸ್ತಿಯ ರಕ್ಷಣೆ ಎಲ್ಲವನ್ನೂ ಅಮಾನತಿನಲ್ಲಿಟ್ಟಿತು. ಅದನ್ನು ಹಿಂಪಡೆದದ್ದೇ ಇಲ್ಲ. ಮಾರ್ಚ್ 5ರ ಚುನಾವಣೆಯಲ್ಲಿ, ಇಷ್ಟೆಲ್ಲ ಬಲ ಪ್ರಯೋಗದ ನಂತರವೂ, ನಾಜಿಗಳಿಗೆ ಸಿಕ್ಕಿದ್ದು ಶೇ 43.9 ಮತ, 647ರಲ್ಲಿ 288 ಸ್ಥಾನ.

ಈಗ ಮಾರ್ಚ್ 23ರ ಅಧಿಕಾರದಾನ ಕಾಯ್ದೆ. ಇರುವುದು ಐದೇ ವಿಧಿ, ಒಂದು ಪುಟದಲ್ಲಿ ಮುಗಿಯುತ್ತದೆ. ಸರ್ಕಾರವೇ ಕಾನೂನು ಮಾಡಬಹುದು, ಆ ಕಾನೂನು ಸಂವಿಧಾನಕ್ಕೆ ವ್ಯತಿರಿಕ್ತವಾಗಿದ್ದರೂ ಸರಿ ಎಂಬ ಭಾಗ ಎಲ್ಲರಿಗೂ ಗೊತ್ತು. ಆದರೆ ಮೊದಲನೇ ವಿಧಿಯ ಎರಡನೇ ವಾಕ್ಯವನ್ನು ಓದಿ. ಸಂವಿಧಾನದ 85(2) ಮತ್ತು 87ನೇ ವಿಧಿಗಳಲ್ಲಿ ಹೇಳಿದ ಕಾನೂನುಗಳಿಗೂ ಇದು ಅನ್ವಯ ಎಂದು ಅಲ್ಲಿದೆ. 85(2) ಅಂದರೆ ವಾರ್ಷಿಕ ಬಜೆಟ್. 87 ಅಂದರೆ ಸರ್ಕಾರ ಸಾಲ ಎತ್ತುವುದು. ಬರೆದವರಿಗೆ ತಮಗೆ ಏನು ಬೇಕೆಂದು ಚೆನ್ನಾಗಿ ಗೊತ್ತಿತ್ತು: ಖರ್ಚಿಗೆ, ಸಾಲಕ್ಕೆ ಯಾರನ್ನೂ ಕೇಳುವ ಹಂಗು ಇರಬಾರದು.

ಮತದಾನದ ಲೆಕ್ಕವನ್ನೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಸಂವಿಧಾನ ಬದಲಾವಣೆಗೆ ಒಟ್ಟು ಸದಸ್ಯರ ಮೂರನೇ ಎರಡು ಭಾಗ, ಅಂದರೆ 432 ಮಂದಿ, ಹಾಜರಿರಬೇಕು. ಹಾಜರಿದ್ದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ವಿರೋಧಿಗಳು ಬಹಿಷ್ಕಾರ ಹಾಕಿ ಹಾಜರಾತಿ ಕೆಡಿಸಬಾರದೆಂದು ಸಭೆಯ ನಿಯಮವನ್ನೇ ತಿದ್ದಿದರು: ಅನುಮತಿಯಿಲ್ಲದೆ ಗೈರಾದವರನ್ನೂ ಹಾಜರೆಂದೇ ಎಣಿಸಬೇಕು. 81 ಕಮ್ಯುನಿಸ್ಟ್ ಸದಸ್ಯರಲ್ಲಿ ಒಬ್ಬರನ್ನೂ ಒಳಗೆ ಬಿಡಲಿಲ್ಲ. ಸೋಷಿಯಲ್ ಡೆಮಾಕ್ರಾಟರ 120ರಲ್ಲಿ 94 ಮಂದಿ ಬಂದರು, 94 ಮಂದಿಯೂ ವಿರುದ್ಧ ಮತ ಹಾಕಿದರು. ಸುತ್ತ ದಂಡಿನವರು ನಿಂತಿರುವಾಗ ಅವರ ನಾಯಕ ಓಟ್ಟೊ ವೆಲ್ಸ್ ಎದ್ದು ನಿಂತು ವಿರೋಧಿಸಿ ಮಾತಾಡಿದರು. ಪರವಾಗಿ 444. ಒಂದು ವೇಳೆ 81 ಕಮ್ಯುನಿಸ್ಟರೂ 120 ಸೋಷಿಯಲ್ ಡೆಮಾಕ್ರಾಟರೂ ಬಂದು ವಿರೋಧಿಸಿದ್ದರೂ 444 ಮೂರನೇ ಎರಡನ್ನು ದಾಟುತ್ತಿತ್ತು. ಕಾಯ್ದೆಯನ್ನು ತಡೆಯಬಹುದಾಗಿದ್ದವರು ಕ್ಯಾಥೊಲಿಕ್ ಸೆಂಟರ್ ಪಕ್ಷದ ಎಪ್ಪತ್ತಕ್ಕೂ ಹೆಚ್ಚು ಸದಸ್ಯರು. ಅವರು ಹಿಟ್ಲರನಿಂದ ಭರವಸೆಯ ಪತ್ರವೊಂದಕ್ಕೆ ಕಾದರು. ಪತ್ರ ಬರಲಿಲ್ಲ, ಆದರೂ ಪರವಾಗಿಯೇ ಮತ ಹಾಕಿದರು. ಬಂಧನದ, ಹಲ್ಲೆಯ ಬೆದರಿಕೆ ನಿಜವೇ. ಆದರೂ ಬರೀ ಬಂದೂಕಿನಿಂದ ಬಂದ ಕಾಯ್ದೆ ಇದು ಅನ್ನುವುದನ್ನು ಈ ಅಂಕಿಗಳು ಒಪ್ಪುವುದಿಲ್ಲ.

ಇದಕ್ಕೆ ಒಂದು ವಾರ ಮೊದಲು, ಮಾರ್ಚ್ 16ರಂದು, ಕೇಂದ್ರ ಬ್ಯಾಂಕಾದ ರೈಖ್ಸ್‌ಬ್ಯಾಂಕಿನ ಅಧ್ಯಕ್ಷರು ಬದಲಾದರು. ಬ್ಯಾಂಕಿನ 1924ರ ಕಾನೂನು ಸರ್ಕಾರಕ್ಕೆ ನೇರ ಸಾಲದ ಮಿತಿಯನ್ನು 10 ಕೋಟಿ ಮಾರ್ಕ್‌ಗೆ ಕಟ್ಟಿಹಾಕಿತ್ತು. 1923ರ ಹಣದುಬ್ಬರದಲ್ಲಿ ಬೆಂದ ದೇಶ ಬೇಕೆಂದೇ ಹಾಕಿಕೊಂಡ ಬೇಲಿ ಅದು. ಹಳೆಯ ಅಧ್ಯಕ್ಷ ಲೂಥರ್ ಅದನ್ನು ದಾಟಲು ಸಿದ್ಧರಿರಲಿಲ್ಲ. ಹೊಸದಾಗಿ ಬಂದ ಯಾಲ್ಮಾರ್ ಶಾಖ್ತ್ ಬೇಲಿ ಮುರಿಯಲಿಲ್ಲ, ಪಕ್ಕದಲ್ಲೊಂದು ಗೇಟು ಇಟ್ಟರು. ಜೂನ್‌ನಲ್ಲಿ ಸಂಪುಟ ಎಂಟು ವರ್ಷಕ್ಕೆ 3,500 ಕೋಟಿ ಮಾರ್ಕ್ ಸೇನಾ ವೆಚ್ಚದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಆ ವರ್ಷದ ಒಟ್ಟು ಆದಾಯವೇ 4,300 ಕೋಟಿಯ ಆಸುಪಾಸು. ಅಂದರೆ ಪ್ರತಿ ವರ್ಷ ಆದಾಯದ ಹತ್ತರಲ್ಲೊಂದು ಪಾಲು ಬಂದೂಕಿಗೆ, ಅದೂ ಹೊರಗಿನವರ ಕಣ್ಣಿಗೆ ಬೀಳದಂತೆ.

ಗೇಟಿನ ಹೆಸರು ಮೆಟಾಲುರ್ಗಿಷೆ ಫೋರ್ಶುಂಗ್ಸ್‌ಗೆಸೆಲ್‌ಶಾಫ್ಟ್, ಲೋಹ ಸಂಶೋಧನಾ ಕಂಪನಿ, ಚುಟುಕಾಗಿ ಮೆಫೊ. ಕ್ರುಪ್, ಸೀಮೆನ್ಸ್ ಸೇರಿ ನಾಲ್ಕು ದೊಡ್ಡ ಉದ್ಯಮಗಳು ಸೇರಿ ಹತ್ತು ಲಕ್ಷ ಮಾರ್ಕ್ ಬಂಡವಾಳದಲ್ಲಿ ಸ್ಥಾಪಿಸಿದ್ದು. ಅಲ್ಲಿ ಲೋಹವೂ ಇಲ್ಲ, ಸಂಶೋಧನೆಯೂ ಇಲ್ಲ. ಕೆಲಸ ನಡೆಯುತ್ತಿದ್ದದ್ದು ಹೀಗೆ: ಉದಾಹರಣೆಗೆ ಸೇನೆ ಒಂದು ಕಾರ್ಖಾನೆಗೆ 10 ಲಕ್ಷ ಮಾರ್ಕ್‌ನ ಫಿರಂಗಿ ಆರ್ಡರ್ ಕೊಟ್ಟಿತು ಅನ್ನಿ. ಮಾಲು ಕೊಟ್ಟ ಕಾರ್ಖಾನೆ ಆ ಮೊತ್ತಕ್ಕೆ ಮೆಫೊ ಹೆಸರಿಗೆ ಹುಂಡಿ ಬರೆಯುತ್ತದೆ. ಮೆಫೊ ಅದಕ್ಕೆ ಒಪ್ಪಿಗೆಯ ಸಹಿ ಹಾಕುತ್ತದೆ. ಈಗ ಎರಡು ಖಾಸಗಿ ಕಂಪನಿಗಳ ಸಹಿಯುಳ್ಳ ಅದು ಕಾಗದದ ಮೇಲೆ ಅಪ್ಪಟ ವ್ಯಾಪಾರಿ ಹುಂಡಿ. ವ್ಯಾಪಾರಿ ಹುಂಡಿಯನ್ನು ವಟಾಯಿಸಿ ನಗದು ಕೊಡಲು ರೈಖ್ಸ್‌ಬ್ಯಾಂಕಿಗೆ ಕಾನೂನಿನ ಅಡ್ಡಿಯಿಲ್ಲ. 10 ಕೋಟಿ ಮಿತಿ ಇರುವುದು ಸರ್ಕಾರಕ್ಕೆ ಕೊಡುವ ಸಾಲಕ್ಕೆ ಮಾತ್ರ. ಸರ್ಕಾರದ ಖಾತರಿ ಹಿಂದೆ ಇದೆ, ಆದರೆ ಬಜೆಟ್‌ನಲ್ಲಿ ಸಾಲವೆಂದು ನಮೂದಾಗುವುದಿಲ್ಲ.

ಹುಂಡಿಯ ಅವಧಿ ಮೇಲ್ನೋಟಕ್ಕೆ ಅಲ್ಪ. ಮೂರು ಮೂರು ತಿಂಗಳಿಗೊಮ್ಮೆ ಮುಂದೂಡುತ್ತಾ ಐದು ವರ್ಷದವರೆಗೆ ಎಳೆಯಬಹುದಿತ್ತು. ಬಡ್ಡಿ ಶೇ 4. ಇದರಲ್ಲೇ ಶಾಖ್ತ್‌ನ ಜಾಣ್ಮೆ ಇರುವುದು. ಯಾವಾಗ ಬೇಕಾದರೂ ರೈಖ್ಸ್‌ಬ್ಯಾಂಕಿಗೆ ಕೊಟ್ಟು ನಗದು ಮಾಡಿಕೊಳ್ಳಬಹುದಾದ ಕಾಗದಕ್ಕೆ ಶೇ 4 ಬಡ್ಡಿ ಬರುವಾಗ ಕೈಯಲ್ಲಿ ದುಡ್ಡಿದ್ದ ಕಂಪನಿಗಳೂ ಬ್ಯಾಂಕುಗಳೂ ಅದನ್ನು ತಮ್ಮ ಬಳಿಯೇ ಇಟ್ಟುಕೊಂಡವು. ಎಲ್ಲ ಹುಂಡಿಯೂ ಒಮ್ಮೆಗೇ ನೋಟಾಗಿ ಮಾರುಕಟ್ಟೆಗೆ ಬರಲಿಲ್ಲ. ಸುಮಾರು ಅರ್ಧ ಹೊರಗೇ ಉಳಿಯಿತು. ಹಣದುಬ್ಬರ ತಕ್ಷಣ ಕಾಣಿಸಲಿಲ್ಲ. 1938ರ ಮಾರ್ಚ್‌ನಲ್ಲಿ ಹೊಸ ಹುಂಡಿ ನಿಲ್ಲಿಸುವ ವೇಳೆಗೆ ಮೊತ್ತ 1,200 ಕೋಟಿ ಮಾರ್ಕ್. ಮೊದಲ ವರ್ಷಗಳಲ್ಲಿ ಸೇನಾ ವೆಚ್ಚದ ಸುಮಾರು ಅರ್ಧ ಇದರಿಂದಲೇ ನಡೆದಿತ್ತು. ಶಾಖ್ತ್ ಇದನ್ನು ಶೂನ್ಯದಿಂದ ಹುಟ್ಟಿಸಿದ್ದೇನಲ್ಲ ಅನ್ನುವುದನ್ನೂ ಹೇಳಬೇಕು. 1932ರಲ್ಲಿ ಪಾಪೆನ್ ಸರ್ಕಾರವೇ ಉದ್ಯೋಗ ಕಾಮಗಾರಿಗಳಿಗೆ ಇಂಥದ್ದೇ ಹುಂಡಿ ಬಳಸಿತ್ತು. ಸಂಸತ್ತಿನಲ್ಲಿ ಒಬ್ಬ ಸದಸ್ಯ ಎದ್ದು “ಈ ಮೆಫೊ ಯಾರದ್ದು?” ಎಂದು ಕೇಳಬಹುದಾಗಿದ್ದರೆ ಈ ಗುಟ್ಟು ಒಂದು ವರ್ಷ ನಿಲ್ಲುತ್ತಿತ್ತೋ ಇಲ್ಲವೋ. ಕೇಳುವವರು ಜೈಲಿನಲ್ಲೋ ದೇಶದ ಹೊರಗೋ ಇದ್ದರು. ಸ್ವಲ್ಪ ಕಾಲದ ಮೇಲೆ ಬಜೆಟ್ ಪ್ರಕಟಿಸುವುದೂ ನಿಂತಿತು.

ಈ ಯಂತ್ರ ಎಲ್ಲಿ ಕೆಟ್ಟಿತು? ಹುಂಡಿಯಿಂದ ಮಾರ್ಕ್ ಹುಟ್ಟಿಸಬಹುದು, ಸ್ವೀಡನ್ನಿನ ಕಬ್ಬಿಣದ ಅದಿರನ್ನು ಹುಟ್ಟಿಸಲಾಗದು. ರಬ್ಬರ್, ಹತ್ತಿ, ತಾಮ್ರ, ಪೆಟ್ರೋಲಿಯಂ, ಉತ್ತಮ ದರ್ಜೆಯ ಅದಿರು, ಅಡುಗೆ ಕೊಬ್ಬು, ದನದ ಮೇವು ಎಲ್ಲವೂ ಬಹುಪಾಲು ಹೊರಗಿನಿಂದ ಬರಬೇಕು, ಅದಕ್ಕೆ ವಿದೇಶಿ ವಿನಿಮಯ ಬೇಕು. ವಿನಿಮಯ ಬರುವುದು ರಫ್ತಿನಿಂದ. ರಫ್ತು ಮಾಡಬಹುದಾದ ಕಾರ್ಖಾನೆಗಳಿಗೆ ಸೇನೆಯ ಆರ್ಡರ್ ತುಂಬಿ ಹರಿಯುತ್ತಿದೆ, ಲಾಭ ಅಲ್ಲೇ ಹೆಚ್ಚು, ಮತ್ತೆ ಹೊರದೇಶದ ಗಿರಾಕಿಗೆ ಯಾರು ಕಾಯುತ್ತಾರೆ? 1934ರ ಜೂನ್ ಹೊತ್ತಿಗೆ ರೈಖ್ಸ್‌ಬ್ಯಾಂಕಿನ ಚಿನ್ನ ಮತ್ತು ವಿನಿಮಯ ಸಂಗ್ರಹ 10 ಕೋಟಿ ಮಾರ್ಕ್‌ಗಿಂತ ಕೆಳಗಿಳಿದಿತ್ತು. ಸೆಪ್ಟೆಂಬರ್‌ನಲ್ಲಿ ಬಂದ ಶಾಖ್ತ್‌ನ ‘ಹೊಸ ಯೋಜನೆ’ ಪ್ರತಿ ಸರಕಿಗೂ ನಿಗಾ ಕಚೇರಿ ತೆರೆದು, ಮುಂಚಿತ ಪರವಾನಗಿ ಇಲ್ಲದೆ ಏನನ್ನೂ ಆಮದು ಮಾಡುವಂತಿಲ್ಲ ಎಂದಿತು. ಬಾಲ್ಕನ್ ದೇಶಗಳೊಂದಿಗೆ ನಗದಿಲ್ಲದೆ ಮಾಲಿಗೆ ಮಾಲು ವಹಿವಾಟು ನಡೆಸಿದರು. ಒಂದೆರಡು ವರ್ಷ ಉಸಿರಾಡಲು ಸಾಕಾಯಿತು.

1935ರ ಶರತ್ಕಾಲದಲ್ಲಿ ಬೆಣ್ಣೆ, ಮಾಂಸದ ಅಂಗಡಿಗಳ ಮುಂದೆ ಸಾಲು ನಿಂತಿತು. ವಿನಿಮಯವನ್ನು ಎಣ್ಣೆಬೀಜಕ್ಕೆ ಕೊಡಬೇಕೇ, ತಾಮ್ರಕ್ಕೆ ಕೊಡಬೇಕೇ ಎಂಬ ಜಗಳ ಸಂಪುಟದೊಳಗೇ ಎದ್ದಿತು. ಪ್ರಜಾಸತ್ತೆಯಲ್ಲಿ ಇಂಥ ಬಿಕ್ಕಟ್ಟು ಬಂದಾಗ ಸೇನಾ ವೆಚ್ಚಕ್ಕೆ ಕತ್ತರಿ ಬೀಳುತ್ತದೆ, ಇಲ್ಲವೇ ಸರ್ಕಾರ ಬೀಳುತ್ತದೆ. ಇಲ್ಲಿ ಎರಡೂ ಆಗುವಂತಿರಲಿಲ್ಲ. ಕಾರ್ಮಿಕ ಸಂಘಗಳನ್ನು 1933ರ ಮೇ 2ರಂದೇ ಮುಗಿಸಿದ್ದರಿಂದ ಕೂಲಿ ಏರಲಿಲ್ಲ. 1936ರ ನವೆಂಬರ್‌ನಲ್ಲಿ ಬೆಲೆಗಳನ್ನೂ ಆಜ್ಞೆಯಿಂದ ನಿಲ್ಲಿಸಿದರು. ಉಳಿತಾಯ ಬ್ಯಾಂಕುಗಳಲ್ಲಿ ಜನ ಇಟ್ಟ ಠೇವಣಿ ಅವರ ಅರಿವಿಗೆ ಬಾರದೆ ಸರ್ಕಾರಿ ಬಾಂಡ್‌ಗಳಾಯಿತು.

1936ರ ಆಗಸ್ಟ್‌ನಲ್ಲಿ ಹಿಟ್ಲರ್ ಗುಪ್ತ ಟಿಪ್ಪಣಿ ಬರೆದ: ನಾಲ್ಕು ವರ್ಷದಲ್ಲಿ ಸೇನೆ ಕಾರ್ಯಾಚರಣೆಗೆ ಸಿದ್ಧವಿರಬೇಕು, ನಾಲ್ಕು ವರ್ಷದಲ್ಲಿ ಅರ್ಥವ್ಯವಸ್ಥೆ ಯುದ್ಧಕ್ಕೆ ಸಿದ್ಧವಿರಬೇಕು. ಹೊಣೆ ಗೋರಿಂಗ್‌ಗೆ. ಕಲ್ಲಿದ್ದಲಿನಿಂದ ಪೆಟ್ರೋಲ್, ಶ್ಕೋಪೌನಲ್ಲಿ ಬುನಾ ಎಂಬ ಕೃತಕ ರಬ್ಬರ್, ಸಾಲ್ಸ್‌ಗಿಟ್ಟರ್‌ನಲ್ಲಿ ಶೇ 30ರ ಆಸುಪಾಸು ಮಾತ್ರ ಕಬ್ಬಿಣವಿದ್ದ ಅದಿರನ್ನು ಕರಗಿಸುವ ಸರ್ಕಾರಿ ಉಕ್ಕಿನ ಕಾರ್ಖಾನೆ. ಆಮದಿಗಿಂತ ಎಷ್ಟೋ ದುಬಾರಿ. ಅದಕ್ಕಿಂತ ದೊಡ್ಡ ತೊಡಕೆಂದರೆ ಈ ಕಾರ್ಖಾನೆಗಳನ್ನು ಕಟ್ಟಲಿಕ್ಕೇ ಬೇಕಾದಷ್ಟು ಉಕ್ಕು ಹೋಗುತ್ತಿತ್ತು. 1937ರಲ್ಲಿ ಉಕ್ಕಿಗೇ ಪಡಿತರ ಬಂತು. ಹಡಗು ಕಟ್ಟುವ ನೌಕಾಪಡೆ, ವಿಮಾನ ಕಟ್ಟುವ ಗೋರಿಂಗ್, ಟ್ಯಾಂಕು ಕೇಳುವ ಭೂಸೇನೆ ಒಂದೇ ಉಕ್ಕಿಗೆ ಕಚ್ಚಾಡಿದರು.

ಆ ವರ್ಷದ ನವೆಂಬರ್ 5ರಂದು ಕರೆದ ಗುಪ್ತ ಸಭೆಗೆ ಮೂಲ ಕಾರಣ ಇದೇ ಉಕ್ಕಿನ ಹಂಚಿಕೆ ಜಗಳ, ನೌಕಾಪಡೆಯ ಮುಖ್ಯಸ್ಥ ರೇಡರ್ ಕೊಟ್ಟ ದೂರು. ಹಿಟ್ಲರ್ ಹಂಚಿಕೆ ಬಿಟ್ಟು ಯುದ್ಧದ ಮಾತೆತ್ತಿದ. ಕರ್ನಲ್ ಹೋಸ್‌ಬಾಖ್ ಬರೆದಿಟ್ಟ ಟಿಪ್ಪಣಿಯ ಪ್ರಕಾರ ಅವನ ವಾದ: 1943–45ರ ನಂತರ ಕಾಲ ನಮಗೆ ವಿರುದ್ಧವಾಗುತ್ತದೆ, ಉಳಿದವರು ಶಸ್ತ್ರಸಜ್ಜಿತರಾಗುತ್ತಾರೆ, ನಮ್ಮ ಆಯುಧಗಳು ಹಳತಾಗುತ್ತವೆ, ಅವಕಾಶ ಸಿಕ್ಕರೆ ಆಸ್ಟ್ರಿಯಾ, ಚೆಕೊಸ್ಲೊವಾಕಿಯಾ ಅದಕ್ಕೂ ಮುಂಚೆ. ಸಭೆಯಲ್ಲಿ ಆತಂಕ ವ್ಯಕ್ತಪಡಿಸಿದ ಯುದ್ಧ ಸಚಿವ ಬ್ಲೊಂಬರ್ಗ್, ಭೂಸೇನೆಯ ಮುಖ್ಯಸ್ಥ ಫ್ರಿಚ್, ವಿದೇಶಾಂಗ ಸಚಿವ ನೊಯ್‌ರಾಟ್ ಮೂವರೂ 1938ರ ಫೆಬ್ರುವರಿ 4ರ ಹೊತ್ತಿಗೆ ಹುದ್ದೆಯಲ್ಲಿರಲಿಲ್ಲ.

ಇಲ್ಲೊಂದು ಎಚ್ಚರಿಕೆ. ವಿನಿಮಯದ ಕೊರತೆಯಿಂದಲೇ ಯುದ್ಧವಾಯಿತು ಅನ್ನುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪೂರ್ವದಲ್ಲಿ ನೆಲ ಕಬಳಿಸುವುದು, ಯಹೂದಿಗಳನ್ನು ಹೊರಹಾಕುವುದು ಹಿಟ್ಲರನ ಗುರಿಯಾಗಿ ಮೊದಲಿನಿಂದಲೂ ಇದ್ದವು. ಲೆಕ್ಕಪತ್ರ ಸರಿಯಿದ್ದಿದ್ದರೂ ಅವು ಬದಲಾಗುತ್ತಿರಲಿಲ್ಲ. ಕೊರತೆ ನಿರ್ಧರಿಸಿದ್ದು ಯಾವಾಗ, ಯಾವ ಕ್ರಮದಲ್ಲಿ, ಎಷ್ಟು ಅವಸರದಲ್ಲಿ ಅನ್ನುವುದನ್ನು.

ಆ ಕ್ರಮ ಹೀಗಿದೆ. 1938ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ಸೇರಿದ ಕೂಡಲೇ ಅಲ್ಲಿನ ಕೇಂದ್ರ ಬ್ಯಾಂಕಿನ ಸುಮಾರು 78 ಟನ್ ಚಿನ್ನ ಬರ್ಲಿನ್‌ಗೆ ಬಂತು, ರೈಖ್ಸ್‌ಬ್ಯಾಂಕ್ ಬಹಿರಂಗವಾಗಿ ತೋರಿಸುತ್ತಿದ್ದ ಸಂಗ್ರಹದ ಎಷ್ಟೋ ಪಟ್ಟು. ಏಪ್ರಿಲ್‌ನಲ್ಲಿ 5,000 ಮಾರ್ಕ್‌ಗಿಂತ ಹೆಚ್ಚಿನ ಆಸ್ತಿಯುಳ್ಳ ಯಹೂದಿಗಳೆಲ್ಲ ಅದನ್ನು ನೋಂದಾಯಿಸಬೇಕೆಂಬ ಆಜ್ಞೆ. ನವೆಂಬರ್‌ನಲ್ಲಿ ಅವರ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಸುಟ್ಟ ಮೇಲೆ ಅವರ ಮೇಲೆಯೇ 100 ಕೋಟಿ ಮಾರ್ಕ್ ದಂಡ. ಆ ದಂಡವನ್ನು ವಸೂಲಿ ಮಾಡಿದ್ದು ಏಪ್ರಿಲ್‌ನ ನೋಂದಣಿ ಪಟ್ಟಿ ಇಟ್ಟುಕೊಂಡೇ, ಮೊದಲು ಆಸ್ತಿಯ ಶೇ 20, ಆಮೇಲೆ ಶೇ 25. ಆ ವರ್ಷ ಸೇನಾ ವೆಚ್ಚ ರಾಷ್ಟ್ರೀಯ ಆದಾಯದ ಶೇ 20ರ ಹತ್ತಿರ ಬಂದಿತ್ತು.

1939ರ ಜನವರಿ 7ರಂದು ಶಾಖ್ತ್ ಮತ್ತು ಬ್ಯಾಂಕಿನ ನಿರ್ದೇಶಕರು ಸಹಿ ಮಾಡಿದ ಮನವಿ ಹಿಟ್ಲರ್‌ಗೆ ಹೋಯಿತು: ಲಂಗುಲಗಾಮಿಲ್ಲದ ಖರ್ಚಿನಿಂದ ಮಾರ್ಕ್ ಕುಸಿಯುತ್ತದೆ, ಇನ್ನು ನಿಲ್ಲಿಸಿ. ಐದು ವರ್ಷದ ಗಡುವಿನ ಮೊದಲ ಮೆಫೊ ಹುಂಡಿಗಳು ಪಾವತಿಗೆ ಬರುವ ವರ್ಷವೂ ಅದೇ. ಶಾಖ್ತ್‌ನನ್ನು ಅದೇ ತಿಂಗಳು ತೆಗೆದು ಹಾಕಿದರು. ಮಾರ್ಚ್‌ನಿಂದ ಸರ್ಕಾರಿ ಗುತ್ತಿಗೆದಾರರ ಬಿಲ್ಲಿನಲ್ಲಿ ಶೇ 40ನ್ನು ಮುಂದೆ ತೆರಿಗೆಗೆ ವಜಾ ಮಾಡಿಕೊಳ್ಳಬಹುದಾದ ಚೀಟಿಗಳಲ್ಲಿ ಕೊಡತೊಡಗಿದರು. ಜೂನ್ 15ರ ಹೊಸ ಬ್ಯಾಂಕ್ ಕಾನೂನು ಉಳಿದ ಬೇಲಿಯನ್ನೂ ಕಿತ್ತಿತು: ಸರ್ಕಾರಕ್ಕೆ ಎಷ್ಟು ಸಾಲ ಎಂಬುದನ್ನು ಹಿಟ್ಲರನೇ ನಿರ್ಧರಿಸುತ್ತಾನೆ.

ನಡುವೆ, ಮಾರ್ಚ್ 15ರಂದು ಪ್ರಾಗ್ ಜರ್ಮನರ ವಶವಾಯಿತು. ಅಲ್ಲಿನ ಕೇಂದ್ರ ಬ್ಯಾಂಕಿಗೆ ನುಗ್ಗಿದ ಜರ್ಮನರು ಚೆಕ್ ನಿರ್ದೇಶಕರಿಂದ ಬಲವಂತವಾಗಿ ಒಂದು ಆದೇಶ ಬರೆಸಿಕೊಂಡರು. ಬಾಸೆಲ್‌ನ ಅಂತರರಾಷ್ಟ್ರೀಯ ಪಾವತಿ ಬ್ಯಾಂಕಿನ ಹೆಸರಲ್ಲಿ ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿದ್ದ 23 ಟನ್ ಚೆಕ್ ಚಿನ್ನ ಆ ಆದೇಶದ ಮೇಲೆ ರೈಖ್ಸ್‌ಬ್ಯಾಂಕಿನ ಲೆಕ್ಕಕ್ಕೆ ವರ್ಗವಾಯಿತು; ಲಂಡನ್ ತಡೆಯಲಿಲ್ಲ. ಸ್ಕೋಡಾ ಕಾರ್ಖಾನೆಯೂ ಚೆಕ್ ಸೇನೆಯ ಉಗ್ರಾಣಗಳೂ ಸಿಕ್ಕವು. ಹಿಟ್ಲರ್ ಏಪ್ರಿಲ್ 28ರ ಭಾಷಣದಲ್ಲಿ ಹೆಮ್ಮೆಯಿಂದ ಕೊಟ್ಟ ಪಟ್ಟಿಯಲ್ಲಿ 469 ಟ್ಯಾಂಕ್, 1,500ಕ್ಕೂ ಹೆಚ್ಚು ವಿಮಾನ, ಹತ್ತು ಲಕ್ಷಕ್ಕೂ ಮೀರಿದ ರೈಫಲ್‌ಗಳಿವೆ. ಮರುವರ್ಷ ಫ್ರಾನ್ಸ್‌ಗೆ ನುಗ್ಗಿದ ಹತ್ತು ಟ್ಯಾಂಕ್ ಡಿವಿಜನ್‌ಗಳಲ್ಲಿ ಮೂರು, ರೊಮ್ಮೆಲ್‌ನದ್ದೂ ಸೇರಿ, ಚೆಕ್ ಟ್ಯಾಂಕುಗಳನ್ನು ಓಡಿಸುತ್ತಿದ್ದವು.

ಕೊನೆಯ ತೊಡಕು ಬ್ರಿಟನ್ನಿನ ನೌಕಾ ದಿಗ್ಬಂಧನದ ಭಯ. ಅದಕ್ಕೆ ಉತ್ತರ ಸಿಕ್ಕಿದ್ದು ಮಾಸ್ಕೋದಿಂದ. 1939ರ ಆಗಸ್ಟ್ 23ರ ಅನಾಕ್ರಮಣ ಒಪ್ಪಂದ ಎಲ್ಲರಿಗೂ ಗೊತ್ತು; ಅದಕ್ಕೆ ನಾಲ್ಕು ದಿನ ಮೊದಲು ಆದ ವ್ಯಾಪಾರ ಒಪ್ಪಂದ ಅಷ್ಟು ಸುದ್ದಿಯಾಗಲಿಲ್ಲ. 20 ಕೋಟಿ ಮಾರ್ಕ್ ಸಾಲದ ಮೇಲೆ ಜರ್ಮನ್ ಯಂತ್ರಗಳು ಅತ್ತ, ಸೋವಿಯತ್ ಕಚ್ಚಾ ಸಾಮಗ್ರಿ ಇತ್ತ. ಸೆಪ್ಟೆಂಬರ್ 1ರಂದು ಸೇನೆ ಪೋಲೆಂಡ್ ಗಡಿ ದಾಟಿತು. 3ರಂದು ಬ್ರಿಟನ್ ಯುದ್ಧ ಘೋಷಿಸಿದ ಕೂಡಲೇ ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿನ ಯಾವ ಶಾಸನಸಭೆಯನ್ನೂ ಕೇಳದೆ ಭಾರತವನ್ನೂ ಸೇರಿಸಿದರು.

ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಶಾಖ್ತ್ ಕಟಕಟೆಯಲ್ಲಿ ನಿಂತರು. ಶಸ್ತ್ರಸಜ್ಜಿಕೆ ತನ್ನಷ್ಟಕ್ಕೆ ಅಪರಾಧವಲ್ಲ ಎಂದ ನ್ಯಾಯಮಂಡಳಿ 1946ರ ಅಕ್ಟೋಬರ್ 1ರಂದು ಅವರನ್ನು ಬಿಡುಗಡೆ ಮಾಡಿತು. ಸೋವಿಯತ್ ನ್ಯಾಯಾಧೀಶರು ಭಿನ್ನಮತ ಬರೆದರು. ರೈಖ್ಸ್‌ಬ್ಯಾಂಕಿನಲ್ಲಿ ಶಾಖ್ತ್ ನಂತರ ಅವರ ಕುರ್ಚಿಯಲ್ಲಿ ಕೂತಿದ್ದ ಫುಂಕ್‌ಗೆ ಜೀವಾವಧಿ ಶಿಕ್ಷೆಯಾಯಿತು. ಹುಂಡಿ, ಬಾಂಡ್, ಚೀಟಿ ಎಲ್ಲ ಸೇರಿ ಬೆಳೆದ ಸಾಲವನ್ನು 1948ರ ಜೂನ್‌ನ ಕರೆನ್ಸಿ ಬದಲಾವಣೆ ಒರೆಸಿ ಹಾಕಿತು. ಪಶ್ಚಿಮ ಜರ್ಮನಿಯಲ್ಲಿ ಬ್ಯಾಂಕಿನಲ್ಲಿ 100 ಹಳೆಯ ಮಾರ್ಕ್ ಇಟ್ಟಿದ್ದವರಿಗೆ ಕೊನೆಗೆ ದಕ್ಕಿದ್ದು ಆರೂವರೆ ಹೊಸ ಮಾರ್ಕ್.